ಪೋಲಾಗುವ ನೀರಿನ ಪ್ರಯಾಣಿಕ

ಸೇಲಂ ಜಿಲ್ಲೆಯಲ್ಲಿಯೇ ಹುಟ್ಟಿ, ಸೇಲಂ ಜಿಲ್ಲೆಯಲ್ಲಿಯೇ ಬೆಳೆದು, ಹೊಸ್ತಿಲೊಳಗೆ ಕನ್ನಡವನ್ನೂ ಹೊಸ್ತಿಲಾಚೆ ತಮಿಳನ್ನೂ ಆಡುತ್ತ ತಲೆ ನರೆಸಿಕೊಂಡ ನನ್ನಂಥವನಿಗೆ ಸಮುದ್ರವೆಂಬುದು ಕೇಳಿ ತಿಳಿದ ವಿಷಯವೇ ಹೊರತು ಕಂಡು ಪಳಗಿದ ವಸ್ತುವಲ್ಲ. ನಮ್ಮೂರ ಮಗ್ಗುಲಿನ ಬಿಳಿಯ ಗುಡ್ಡಗಳನ್ನು ನೋಡಿ ಹಿಂದಿನ ಬಿಳಿಯ ದೊರೆಗಳು 'ಚಾಕ್ ಹಿಲ್ಸ್' ಎಂದು ಹೆಸರಿಟ್ಟುಬಿಟ್ಟರು. ಚಾಕ್ ಎಂದರೆ ಪುರಾತನ ಸಮುದ್ರಗಳಲ್ಲಿ ತೇಲಿ ಬಾಳಿದ ಸೂಕ್ಷ್ಮಜೀವಿಗಳ ಕವಚದ ಶೇಷ. ನಮ್ಮ ಗುಡ್ಡದಲ್ಲಿರುವುದಾದರೋ ಮ್ಯಾಗ್ನೆಸೈಟ್ ಎಂಬ ಖನಿಜ, ಅದರೊಳಗಿನಿಂದ ಶಂಖದ ಒಂದು ಚೂರನ್ನಾದರೂ ಹೆಕ್ಕಿಕೊಟ್ಟವನಿಗೆ ಒಂದು ಬುಟ್ಟಿ ಮಲಗೋವ ಮಾವನ್ನು ಕೊಡಲು ನಾನು ಸಿದ್ಧ. ವೀಳ್ಯದೆಲೆಗೆ ಸವರುವ ಚಿಪ್ಪುಸುಣ್ಣ, ದೇವರ ಮನೆಯ ಶಂಖ, ಅಡಿಗೆಮನೆಯ ಮೂಲೆಯಲ್ಲಿ ಮಳೆಗಾಲ ಬಂದೊಡನೆ ಒಸರುವ ಉಪ್ಪಿನ ಜಾಡಿ, ಈ ರೂಪಗಳಲ್ಲಿ ಬಂದದ್ದಲ್ಲದೆ ಕಡಲು ನಮ್ಮ ಮನೆಗೆ ಬೇರೆ ರೂಪದಲ್ಲಿ ಬಂದದ್ದಿಲ್ಲ.

ಹೀಗಿದ್ದೂ ಸಮುದ್ರದ ವಿಚಾರದಲ್ಲಿ ನಮ್ಮಲ್ಲಿ ಪ್ರತಿಯೊಬ್ಬನಿಗೂ ಒಂದು ಬಲವಾದ ಅಭಿಪ್ರಾಯ ಉಂಟು. ಅದಾವುದೆಂದರೆ, ಅದಕ್ಕೆ ನೀರು ಹೋಗಕೂಡದು ಎಂಬುದು. ಬೆಳಿಗ್ಗೆ ಪತ್ರಿಕೆ ಬಂದೊಡನೆ ಮೆಟ್ಟೂರು ಜಲಾಶಯದ ಮಟ್ಟ ಎಷ್ಟು ಅಡಿಯೆಂದು ನೋಡಿದ ಮೇಲೆಯೇ ಕಾಫಿಯನ್ನು ಬಾಯಿಗಿಡುವ ಮನೆತನ ನಮ್ಮದು. 120 ಅಡಿ ತುಂಬಿತೆಂದು ಓದಿದರೆ ಹಿಗ್ಗು. ತುಂಬಿದ ಮೇಲೆ ಹೆಚ್ಚಿನ ನೀರು ಕಡಲಿಗೆ ಹರಿದು ಪೋಲಾಯಿತೆಂಬ ಮುಂದಿನ ಸಾಲನ್ನು ಓದಿದರೆ ಆ ಹಿಗ್ಗಿನಲ್ಲಿ ಅರ್ಧ ಇಳಿದುಹೋಗುತ್ತದೆ. ಗಡಿಯಾಚೆ ಮೈಸೂರಿನಲ್ಲಿರುವ ನನ್ನ ನೆಂಟರು ಕನ್ನಂಬಾಡಿಯ ಮಟ್ಟವನ್ನು ನೋಡಿಕೊಂಡು ಕಾಫಿ ಕುಡಿಯತಕ್ಕವರು. ಕಾವೇರಿಯ ವಿಷಯದಲ್ಲಿ ಅವರಿಗೂ ನನಗೂ ಮದುವೆಮನೆಯ ಪಂಕ್ತಿಯಲ್ಲಿ ಕೂಡ ಮಾತು ಹೊಂದದು. ಪೋಲಿನ ವಿಷಯದಲ್ಲಿ ಮಾತ್ರ ಸಂಪೂರ್ಣ ಐಕಮತ್ಯ.

ಕಳೆದ ಆಡಿ ಹದಿನೆಂಟರ ಹಬ್ಬದಂದು ಪೂಲಾಂಪಟ್ಟಿಯ ತೀರಕ್ಕೆ ಹೋಗಿದ್ದೆ. ಮೆಟ್ಟೂರಿನಿಂದ ಕೆಳಗೆ ನಮ್ಮ ಜಿಲ್ಲೆಯ ಅಂಚನ್ನು ಸವರಿಕೊಂಡು ಇಳಿಯುವ ಹೊಳೆಯನ್ನು ನೆರಿಂಜಿಪೇಟೆಯ ಅಡ್ಡಗಟ್ಟೆ ತಡೆದು ನಿಲ್ಲಿಸಿರುವುದರಿಂದ ಕಾವೇರಿಯು ಅಲ್ಲಿ ಕೆರೆಯ ವೇಷ ತೊಟ್ಟು ನಿಂತಿದ್ದಾಳೆ. ಆ ದಿನ ಅವಳು ಬಸುರಿಯೆಂದು ಭಾವಿಸಿ, ಓಲೆ, ಕರಿಮಣಿ, ಅರಿಸಿನದ ದಾರಗಳನ್ನು ನೀರಿಗೆ ಬಿಟ್ಟು, ಬಗೆಬಗೆಯ ಚಿತ್ರಾನ್ನಗಳ ಬುತ್ತಿ ಬಿಚ್ಚುವ ಹೆಂಗಸರು ದಡದ ತುಂಬ; ಅವರ ಹಿಂದೆ ಬಾಣಲೆಯಲ್ಲಿ ಮೀನು ಹುರಿಯುವವರ ಸಾಲು; ಅದರ ಪಕ್ಕದಲ್ಲಿ ಸೌತೆಕಾಯಿಯನ್ನು ಸೀಳಿ ಉಪ್ಪುಖಾರ ತುಂಬಿ ಕೊಡುವ ಒಬ್ಬ ಮುದುಕಿ. ಬೆಸ್ತನೊಬ್ಬ ರಾತ್ರಿ ಬಲೆಗೆ ಬಿದ್ದ ಗೇಣುದ್ದದ ಸಿಗಡಿಯೊಂದನ್ನು ಬಕೆಟ್ಟಿನಲ್ಲಿ ಇಟ್ಟುಕೊಂಡಿದ್ದ. ಹೊಟ್ಟೆಯಡಿ ಗಸಗಸೆಯಂಥ ಬೂದುಬಣ್ಣದ ಮೊಟ್ಟೆಗಳು ಇನ್ನೂ ಕೆಲವು ಅಂಟಿಕೊಂಡಿದ್ದುವು. ಮೊದಲು ಕಿತ್ತಳೆಯ ಬಣ್ಣಕ್ಕಿರುವ ಈ ಮೊಟ್ಟೆಗಳು ಬೂದುಬಣ್ಣಕ್ಕೆ ತಿರುಗಿದುವೆಂದರೆ ಒಡೆಯುವ ಹೊತ್ತು ಬಂತೆಂದು ಅರ್ಥ. ಬಹುಪಾಲು ರಾತ್ರಿಯೇ ಒಡೆದುಹೋಗಿ ಬಕೆಟ್ಟಿನ ನೀರೆಲ್ಲ ಬಿಸಿಲುಕೋಲಿನೊಳಗಿನ ದೂಳಿನಂತೆ ಮಿಸುಗುತ್ತಿತ್ತು. ಬೆಸ್ತನು ತಾಯಿಯನ್ನು ಬಾಣಲೆಯವನಿಗೆ ಕೊಟ್ಟು ನೀರನ್ನು ಚೆಲ್ಲುವುದರಲ್ಲಿದ್ದ. ನಾನು ಅಡ್ಡಬಂದು ನನ್ನ ಹಿತ್ತಾಳೆಯ ಚೊಂಬನ್ನು ಅದ್ದಿಕೊಂಡೆ.

ನಮ್ಮದು ನೇಯ್ಗೆಯವರ ಮನೆ. ಬಟ್ಟೆಯ ಮೇಲಿಟ್ಟು ಅಂಗುಲಕ್ಕೆ ಎಷ್ಟೆಳೆಯೆಂದು ಎಣಿಸುವುದಕ್ಕೆ ನಮ್ಮ ತಂದೆಯವರು ಇಟ್ಟುಕೊಂಡಿದ್ದ ಭೂತಗನ್ನಡಿಯೊಂದು ಈಗಲೂ ನನ್ನ ಜೇಬಿನಲ್ಲಿರುತ್ತದೆ. ಅದನ್ನು ಚೊಂಬಿನ ಬಾಯಿಗೆ ಹಿಡಿದು ನೋಡಲಾಗಿ, ಎರಡು ಮಿಲಿಮೀಟರಿಗೂ ಮೀರದ, ಗಾಜಿನಿಂದ ಮಾಡಿದಂಥ ಒಂದು ಪ್ರಾಣಿ, ದೇಹಕ್ಕೆ ಮೀರಿದ ಎರಡು ಕಪ್ಪು ಕಣ್ಣುಗಳೊಡನೆ, ಬೆನ್ನು ಕೆಳಗಾಗಿ, ತಲೆ ಹಿಂದಾಗಿ, ಬಾಲವನ್ನು ಮುಂದುಮಾಡಿಕೊಂಡು ಈಜುತ್ತ ಬೆಳಕಿನ ಕಡೆಗೆ ಬರುತ್ತಿತ್ತು. ವಿಜ್ಞಾನಿಗಳು ಲಾರ್ವ ಎನ್ನುವುದನ್ನು ನಾನು ಡಿಂಭ ಎಂದು ಕರೆದಿದ್ದೇನೆ. ಲಾರ್ವ ಎಂಬುದಕ್ಕೆ ಲ್ಯಾಟಿನ್ನಿನಲ್ಲಿ ದೆವ್ವವೆಂದೂ ಮುಖವಾಡವೆಂದೂ ಅರ್ಥವಂತೆ, ಹಾಗಾದರೆ ಅದನ್ನು ಭೂತಗನ್ನಡಿಯಲ್ಲಿ ನೋಡಿದ್ದು ನ್ಯಾಯವಾಗಿಯೇ ಇದೆ.

ನಾನು: ಸೃಷ್ಟಿಯ ವೈಚಿತ್ರ್ಯಗಳನ್ನು ಕುರಿತು ಪ್ರಾಚೀನರು ಎಷ್ಟೋ ಬಗೆಯಲ್ಲಿ ವಿಚಾರಿಸಿದ್ದರೂ, ಜಲಚರಗಳ ಪೈಕಿ ತಾಯಿಯ ರೂಪಕ್ಕೂ ಶಿಶುವಿನ ರೂಪಕ್ಕೂ ಯಾವ ಹೋಲಿಕೆಯೂ ಇಲ್ಲದೆ, ಆ ನಿಮಿತ್ತದಿಂದಲೇ ಪಂಡಿತರನ್ನು ಬಹುಕಾಲ ಭ್ರಾಂತಿಯಲ್ಲಿ ಕೆಡವಿದ ತಮ್ಮಂಥ ತೇಲುವ ಡಿಂಭಗಳ ವಿಷಯದಲ್ಲಿ ನಮ್ಮ ಜನಕ್ಕೆ ತಕ್ಕಷ್ಟು ತಿಳಿವಳಿಕೆ ಇಲ್ಲದಿರುವುದನ್ನು ಮನಗಂಡು, ತಮ್ಮ ಬಿಡುವಿನ ಸಮಯವನ್ನು ಕೊಂಚ

ಡಿಂಭ: ತಾತ, ಪ್ರಶ್ನೆ ಇನ್ನೂ ದೂರದಲ್ಲಿದೆಯೆ?

ನಾನು: ಹತ್ತಿರ ಬಂದಿತ್ತು. ಏಕೆ?

ಡಿಂಭ: ಬಿಡುವು ಎಂದಿರಿ. ನನಗಿರುವುದು ನಾಲ್ಕು ದಿನ, ಹೆಚ್ಚೆಂದರೆ ಐದು. ಅಷ್ಟರೊಳಗೆ ಉಪ್ಪುನೀರು ಸಿಕ್ಕಿದರೆ ಬದುಕು, ಇಲ್ಲದಿದ್ದರೆ ಇಲ್ಲ. ಹುಟ್ಟಿದ್ದು ರಾತ್ರಿ, ಈಗ ಹತ್ತು ಗಂಟೆ. ನಿಮ್ಮ ಇನ್ನೊಂದು ವಾಕ್ಯ ಕೇಳಿದರೆ ನಾನು ಮುದಿಯಾಗುತ್ತೇನೆ.

ನಾನು: ಕ್ಷಮಿಸಬೇಕು. ತಮ್ಮನ್ನು ಬಹುವಚನದಲ್ಲಿ ಕರೆಯಲೋ, ಹಸುಳೆಯಾದ್ದರಿಂದ ಏಕವಚನವೇ ಸಾಕೋ ಎಂಬ ಸಂದೇಹವೂ ನನಗೆ ಉಂಟು.

ಡಿಂಭ: ವಯಸ್ಸು ನೋಡಿದರೆ ಏಕವಚನ. ಒಂದೇ ಹೊಟ್ಟೆಯಡಿ ಎಂಬತ್ತು ಸಾವಿರ ಜನ ಹುಟ್ಟುವ ಮನೆತನವಾದ್ದರಿಂದ ಬಹುವಚನವೂ ಸುಳ್ಳಲ್ಲ. ಎಂಬತ್ತು ಸಾವಿರದಲ್ಲಿ ಇಬ್ಬರು ಬೆಳೆದು ದೊಡ್ಡವರಾದರೆ ನಮ್ಮ ಕುಲದ ಲೆಕ್ಕ ಸರಿಹೋಗುತ್ತದೆ. ಉಳಿದವರು ಯಾರ ಹೊಟ್ಟೆಗೋ ಸೇರುತ್ತಾರೆ. ಅದನ್ನು ನಾವು ಪೋಲು ಎನ್ನುವುದಿಲ್ಲ.

(ತಾಯಿಯ ಸಮಾಚಾರವನ್ನು ನಾನು ಎತ್ತಲಿಲ್ಲ. ಗಾಳಿ ಬಾಣಲೆಯ ಕಡೆಯಿಂದ ಬೀಸುತ್ತಿತ್ತು.)

ನಾನು: ತಮ್ಮ ಸಂಸಾರ ಈ ಪೂಲಾಂಪಟ್ಟಿಗೆ ಬಂದದ್ದು ಹೇಗೆ?

ಡಿಂಭ: ತಾಯಿ ಬಂದದ್ದು ಲಾರಿಯಲ್ಲಿ. ಕಡಲತೀರದ ಮರಿ ಮಾಡುವ ಕೇಂದ್ರವೊಂದರಲ್ಲಿ ಹುಟ್ಟಿ, ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಸಿಕೊಂಡು, ಹಾರ ತುರಾಯಿ ಸಮೇತ ಹೊಳೆಗೆ ಬಿಡಿಸಿಕೊಂಡಳು. ಬಿಟ್ಟವರು ನೀರನ್ನು ನೋಡಲಿಲ್ಲವಂತೆ, ಕ್ಯಾಮೆರಾ ನೋಡುತ್ತಿದ್ದರಂತೆ. ಬರುವುದಕ್ಕೆ ಲಾರಿ ಇತ್ತು. ಮಕ್ಕಳು ಹೋಗುವುದಕ್ಕೆ ಏನು ಏರ್ಪಾಡೆಂದು ಕೇಳಲು ಅವಳಿಗೂ ತೋಚಲಿಲ್ಲ, ಅವರೂ ಹೇಳಲಿಲ್ಲ. ಕಾವೇರಿಯ ಹಳೆಯ ಒಕ್ಕಲು ನಮ್ಮ ದಾಯಾದಿ ಸಿಗಡಿಗಳೇ. ಗೋದಾವರಿಯಲ್ಲೂ ಕೃಷ್ಣೆಯಲ್ಲೂ ಅವರಿದ್ದಾರೆ. ಅವರ ಮಕ್ಕಳಿಗೂ ಉಪ್ಪೇ ಬೇಕು. ಆದರೆ ಅವರು ಲಾರಿಗೆ ಕಾದವರಲ್ಲ, ಕಾಲುನಡಿಗೆಯವರು.

ನಾನು: ಹೊಳೆಯಲ್ಲಿ ಹುಟ್ಟಿ ಹೊಳೆಯಲ್ಲಿ ಬೆಳೆಯುವ ಪ್ರಾಣಿಗೆ ನಡುವೆ ಒಂದು ತಿಂಗಳು ಉಪ್ಪು ಏತಕ್ಕೆ? ನಮ್ಮ ಕಡೆಯ ಗದ್ದೆಯ ಏಡಿಯನ್ನು ನೋಡಿ. ಧರ್ಮಪುರಿಯ ಬಳಿ ನನ್ನ ಸೋದರಮಾವನ ಗದ್ದೆಯ ಬದುವಿನಲ್ಲಿ ನಾನೇ ಹುಡುಗನಾಗಿದ್ದಾಗ ಒಂದು ಏಡಿಯನ್ನು ಮಗುಚಿ, ಅದರ ಹೊಟ್ಟೆಯ ಮೇಲಿನ ಮಡಿಕೆಯನ್ನು ಕಡ್ಡಿಯಿಂದ ಎತ್ತಿ ನೋಡಿದ್ದೇನೆ. ಒಳಗೆ ರಾಗಿಕಾಳಿಗಿಂತ ತುಸು ದೊಡ್ಡ ಏಡಿಮರಿಗಳು, ಎಂಟು ಕಾಲು ಎರಡು ಕೊಂಡಿ ಸಮೇತ, ಒತ್ತೊತ್ತಾಗಿ ಕುಳಿತಿದ್ದುವು. ಒಂದು ನನ್ನ ಹೆಬ್ಬೆಟ್ಟಿನ ಮೇಲೆ ಹತ್ತಿ, ನೋಯಿಸಲಾರದಿದ್ದರೂ, ಕಚ್ಚಿಯೇ ನೋಡಿತು. ಅವಕ್ಕೆ ಕಡಲಿನ ಗೊಡವೆಯೇ ಇಲ್ಲ.

ಡಿಂಭ: ಅವರು ಕಡಲನ್ನು ಬಿಟ್ಟುಕೊಟ್ಟವರು. ಮೊಟ್ಟೆ ಕಡಮೆ ಮಾಡಿದರು, ಒಂದೊಂದನ್ನೂ ದೊಡ್ಡದು ಮಾಡಿದರು, ಡಿಂಭದ ಅವಸ್ಥೆಯನ್ನೆಲ್ಲ ಮೊಟ್ಟೆಯೊಳಗೇ ಕಳೆದು, ಮಕ್ಕಳನ್ನು ಮಡಿಲಲ್ಲಿ ಕಟ್ಟಿಕೊಂಡು ಬದುವಿನಲ್ಲಿ ಬಿಲ ತೋಡಿದರು. ಕೆರೆಯ ಕಪ್ಪೆಚಿಪ್ಪಿನವರು ಇನ್ನೊಂದು ಉಪಾಯ ಹೂಡಿದರು. ಅವರ ಮರಿ ಮೀನಿನ ಕಿವಿರಿಗೆ ಕಚ್ಚಿಕೊಂಡು, ಕೆಲವು ವಾರ ಅದರ ಮೈಮೇಲೆ ಉಂಡು, ಬೇರೆ ಕಡೆ ಇಳಿದುಬಿಡುತ್ತದೆ. ಚೀಟಿ ತೆಗೆಯದ ಪ್ರಯಾಣಿಕ. ನಾವು ಮಾತ್ರ ತಾಯ ಊರನ್ನೂ ಬಿಡಲಿಲ್ಲ, ಅಜ್ಜಿಯ ಊರನ್ನೂ ಬಿಡಲಿಲ್ಲ. ಬೆಳೆದ ಮೇಲೆ ಸಿಹಿನೀರು. ಹುಟ್ಟಿದ ಹೊಸತರಲ್ಲಿ ಉಪ್ಪು.

ನಾನು: ಉಪ್ಪಿನ ಋಣ.

ಡಿಂಭ: ಋಣವೇ. ಸಂಶಯವಿದ್ದರೆ ಮಲೇಷಿಯದ ಲಿಂಗ್ ಸಾಹೇಬರ ಕಥೆ ಕೇಳಿ. 1960ರ ಆಸುಪಾಸಿನಲ್ಲಿ ಶಾವೊ ವೆನ್ ಲಿಂಗ್ ಎಂಬ ವಿಜ್ಞಾನಿ ನಮ್ಮನ್ನು ತೊಟ್ಟಿಯಲ್ಲಿ ಸಾಕಲು ಹೊರಟರು. ನಾವು ಹೊಳೆಯವರೆಂದು ಹೊಳೆಯ ನೀರನ್ನೇ ಕೊಟ್ಟರು. ನಾಲ್ಕೈದು ದಿನಕ್ಕೆ ಎಲ್ಲರೂ ಸತ್ತೆವು. ಮತ್ತೆ ಕೊಟ್ಟರು, ಮತ್ತೆ ಸತ್ತೆವು. ಕಡೆಗೆ ಬೇಸತ್ತು ಊಟದ ಮೇಜಿನ ಮೇಲಿದ್ದ ಒಂದೊಂದು ಪದಾರ್ಥವನ್ನೂ ನೀರಿಗೆ ಸೇರಿಸುತ್ತ ಹೋದರಂತೆ; ಸೋಯಾ ಸಾಸ್ ಹಾಕಿದ ಪಾತ್ರೆಯಲ್ಲಿ ನಾವು ಬದುಕಿ ಉಳಿದೆವಂತೆ. ಅದರಲ್ಲಿದ್ದದ್ದು ಉಪ್ಪು. ಇಂದು ಲೋಕದಲ್ಲಿ ಎಲ್ಲೆಲ್ಲಿ ನಮ್ಮನ್ನು ಸಾಕುತ್ತಾರೋ ಅಲ್ಲೆಲ್ಲ ಆ ಊಟದ ಮೇಜಿನ ಪುಣ್ಯ.

ನಾನು: ನಮ್ಮ ಸೇಲಂನವನಾಗಿದ್ದರೆ ರಸಂ ಹಾಕಿ ನೋಡುತ್ತಿದ್ದ.

ಡಿಂಭ: ಹುಳಿ ನಮಗೆ ಆಗದು.

ನಾನು: ಪಂಡಿತರನ್ನು ತಾವು ಭ್ರಾಂತಿಯಲ್ಲಿ ಕೆಡವಿದ ಪ್ರಸಂಗವನ್ನು ಹೇಳಬೇಕು.

ಡಿಂಭ: ನಾವು ಕೆಡವಲಿಲ್ಲ, ಅವರೇ ಬಿದ್ದರು. ಏಡಿಯ ಡಿಂಭವನ್ನು ಕಡಲಲ್ಲಿ ಕಂಡು, ಅದು ಯಾರ ಮಗುವೆಂದು ವಿಚಾರಿಸದೆ, ಬೋಸ್ಕ್ ಎಂಬ ಫ್ರೆಂಚ್ ಪಂಡಿತ 1802ರಲ್ಲಿ ಅದನ್ನೇ ಒಂದು ಸ್ವತಂತ್ರ ಕುಲವೆಂದು ಸಾರಿ ಜೋಯಿಯ ಎಂದು ಹೆಸರಿಟ್ಟ. ಮಗುವನ್ನು ತೊಟ್ಟಿಲಲ್ಲಿ ಕಂಡು, ಇದೊಂದು ಬೇರೆ ಜಾತಿಯ ಗಿಡ್ಡ ಮನುಷ್ಯ ಎಂದ ಹಾಗೆ. ಐರ್ಲೆಂಡಿನ ಕಾರ್ಕ್ ಬಂದರಿನಲ್ಲಿದ್ದ ಸೇನಾವೈದ್ಯ ಜಾನ್ ವಾನ್ ಥಾಂಪ್ಸನ್ ಎಂಬಾತ ಮಾತ್ರ ಬಲೆ ಬೀಸಿ ಹಿಡಿದು, ನೀರಿನ ಪಾತ್ರೆಯಲ್ಲಿಟ್ಟು, ಕಾದು ನೋಡಿದ. 1828ರಲ್ಲಿ, ಇದು ಏಡಿಯ ಮಗುವೆಂದು ಬರೆದ. ದೊಡ್ಡ ಪಂಡಿತರು ನಕ್ಕರು. ಸಿಹಿನೀರಿನ ಕ್ರೇಫಿಶ್ ಎಂಬ ನಮ್ಮ ಬಂಧುವನ್ನು ಸಾಕ್ಷಿಗೆ ಎಳೆತಂದರು. ಅದರ ಮರಿಗಳು ನಿಮ್ಮ ಗದ್ದೆಯ ಏಡಿಯವುಗಳಂತೆ ತಾಯಿಯ ರೂಪದಲ್ಲಿಯೇ ಹೊರಬರುತ್ತವಷ್ಟೆ. ಮನೆಬಾಗಿಲಲ್ಲಿ ಸಿಕ್ಕ ಒಂದು ಪ್ರಾಣಿಯನ್ನು ನೋಡಿ ಸಮುದ್ರಕ್ಕೆಲ್ಲ ತೀರ್ಪು ಬರೆಯುವ ಅಭ್ಯಾಸ ಆಗಲೂ ಇತ್ತು.

ನಾನು: ಈ ಕಥೆಗಳೆಲ್ಲ ರಾತ್ರಿ ಹುಟ್ಟಿದ ತಮಗೆ ತಿಳಿದದ್ದು?

ಡಿಂಭ: ತಾಯಿಯ ಹೊಟ್ಟೆಯಡಿ ಇಪ್ಪತ್ತು ದಿನ ಅಂಟಿಕೊಂಡಿದ್ದೆ. ನಿಮ್ಮ ಅಭಿಮನ್ಯು ಗರ್ಭದಲ್ಲಿ ಕೇಳಲಿಲ್ಲವೆ? ಅವನಿಗೆ ವ್ಯೂಹದ ಒಳಹೋಗುವುದು ತಿಳಿದಿತ್ತು, ಹೊರಬರುವುದು ತಿಳಿಯಲಿಲ್ಲ. ನಮ್ಮದು ತಿರುವುಮುರುವು. ವ್ಯೂಹದೊಳಗೇ ಹುಟ್ಟಿದ್ದೇವೆ, ಹೊರಗೆ ಹೋಗುವುದೊಂದನ್ನೇ ಕಲಿತಿದ್ದೇವೆ.

ನಾನು: ವ್ಯೂಹವೆಂದರೆ?

ಡಿಂಭ: ಎಣಿಸಿ. ನೆರಿಂಜಿಪೇಟೆ, ಕೋನೇರಿಪಟ್ಟಿ, ಊರಾಚ್ಚಿಕೋಟೆ ಮೊದಲಾದುವು ವಿದ್ಯುತ್ತಿನವು. ಅವನ್ನು ದಾಟಿದರೆ ಮಾಯನೂರು. ಆಮೇಲೆ ಮುಕ್ಕೊಂಬು, 1836ರದು. ಅಲ್ಲಿ ಕಾವೇರಿ ಬಲಕ್ಕೆ, ಕೊಳ್ಳಿಡಂ ಎಡಕ್ಕೆ. ಬಲಕ್ಕೆ ಹೋದರೆ ಕರಿಕಾಲನ ಕಲ್ಲಣೆ, ಅದರಾಚೆ ಗದ್ದೆ, ಗದ್ದೆ, ಗದ್ದೆ. ಪೂಂಪುಹಾರಿನಲ್ಲಿ ಕಡಲು ಮುಟ್ಟುವಾಗ ಕಾವೇರಿ ಕಾಲುವೆಯಷ್ಟು ತೆಳ್ಳಗಾಗಿರುತ್ತಾಳೆ. ಎಡಕ್ಕೆ ಹೋದರೆ ಕೊಳ್ಳಿಡದ ಕೆಳ ಅಣೆಕಟ್ಟೊಂದು. ಅದನ್ನೂ ದಾಟಿ ಇಳಿದರೆ ಅಳಿವೆ. ಎಲ್ಲ ಸೇರಿ ಇನ್ನೂರೈವತ್ತು ಕಿಲೋಮೀಟರಿಗೆ ಕಡಮೆಯಿಲ್ಲ. ಬುದ್ಧಿವಂತ ತಾಯಂದಿರು ತಾವೇ ಕೆಳಗಿಳಿದು ಅಳಿವೆಯ ಬಾಗಿಲಲ್ಲಿ ಹೆರುತ್ತಾರೆ.

ನಾನು: ಐದು ದಿನದಲ್ಲಿ ಅಷ್ಟು ದೂರ!

ಡಿಂಭ: ಮುಂಗಾರಿನ ಪ್ರವಾಹ ಮನುಷ್ಯನ ಸಾವಧಾನದ ನಡಿಗೆಯಷ್ಟು ವೇಗದಲ್ಲಿ, ಗಂಟೆಗೆ ಮೂರು ಕಿಲೋಮೀಟರು ನಡೆದರೂ ದಿನಕ್ಕೆ ಎಪ್ಪತ್ತೆರಡು ಆಯಿತು. ನಾವು ನಿದ್ದೆ ಮಾಡಿದರೂ ಹೊಳೆ ನಡೆಯುತ್ತಲೇ ಇರುತ್ತದೆ. ನಾಲ್ಕು ದಿನ ಸಾಕು. ಆದರೆ ಹೊಳೆ ನಡೆಯಬೇಕು. ಇಲ್ಲಿ ಅದು ಕುಳಿತಿದೆ. 2018ರ ಆಗಸ್ಟಿನಲ್ಲಿ ಪ್ರವಾಹ ಬಂದು ಮುಕ್ಕೊಂಬಿನ ಕೊಳ್ಳಿಡದ ಕಡೆಯ ಹಲವು ಬಾಗಿಲುಗಳು ಕೊಚ್ಚಿಹೋದುವಲ್ಲ, ನಿಮ್ಮಲ್ಲಿ ಎಲ್ಲರೂ ಹಣೆ ಚಚ್ಚಿಕೊಂಡರು. ನಮ್ಮಲ್ಲಿ ಆ ವರ್ಷವನ್ನು ಇಂದಿಗೂ ಹಬ್ಬವೆಂದು ನೆನೆಯುತ್ತಾರೆ.

ನಾನು: ಅದು ರೈತರಿಗೆ ಆದ ನಷ್ಟ, ಮಗು. ಹಾಗೆ ಹೇಳಬಾರದು.

ಡಿಂಭ: ಹೇಳಿದ್ದು ತಪ್ಪು. ಅನ್ನ ತಿನ್ನುವವರು ನೀವು, ನಮ್ಮ ಹಬ್ಬ ನಿಮಗೇಕೆ? ಆದರೆ ನಿಮ್ಮ ಊರಿನವರೊಬ್ಬರು ಇದೇ ದಾರಿ ಹಿಡಿದದ್ದನ್ನು ನೀವು ಮರೆತಿರಿ.

ನಾನು: ಯಾರು?

ಡಿಂಭ: ರಾಜಾಜಿ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಸೇಲಂನಲ್ಲಿ ವಕೀಲಿ ಮಾಡಿ, ನಿಮ್ಮ ನಗರಸಭೆಗೆ ಅಧ್ಯಕ್ಷರೂ ಆಗಿದ್ದರಲ್ಲ. 1930ರ ಏಪ್ರಿಲ್ 13ರಂದು ತಿರುಚಿಯಿಂದ ಹೊರಟು, ನೂರು ಜನರನ್ನು ಕಟ್ಟಿಕೊಂಡು, ಕಾವೇರಿಯ ಬಯಲಿನಲ್ಲಿ ಹದಿನೈದು ದಿನ ನಡೆದು, ವೇದಾರಣ್ಯದ ಕಡಲಂಚಿಗೆ ಹೋದರು. ಏತಕ್ಕೆ? ಹಿಡಿ ಉಪ್ಪಿಗೆ. ಅವರನ್ನು ತಡೆದ ಸರ್ಕಾರವನ್ನು ನೀವು ದುಷ್ಟ ಸರ್ಕಾರ ಎನ್ನುತ್ತೀರಿ. ನಾವೂ ಅಷ್ಟೇ ದೂರ ಅದೇ ಉಪ್ಪಿಗೆ ಹೊರಟರೆ, ನಮ್ಮನ್ನು ಹೊತ್ತ ನೀರಿಗೆ ಪೋಲು ಎಂಬ ಹೆಸರು.

(ಇಲ್ಲಿ ನಾನು ಸುಮ್ಮನಾದದ್ದನ್ನು ಒಪ್ಪಿಕೊಳ್ಳತಕ್ಕದ್ದು. ಸಂದರ್ಶನಕಾರನು ಸುಮ್ಮನಾಗುವುದು ಆತನ ಧರ್ಮಕ್ಕೆ ವಿರುದ್ಧವಾದ್ದರಿಂದ, ಅಂಕಿಸಂಖ್ಯೆಗಳ ಆಶ್ರಯವನ್ನು ಪಡೆದೆ.)

ನಾನು: ಪೋಲು ಎಂಬುದು ಬೀದಿಯ ಮಾತು, ತೀರ್ಪಿನ ಮಾತು ಬೇರೆ. ಕಾವೇರಿ ನ್ಯಾಯಮಂಡಳಿಯು 2007ರ ತನ್ನ ಅಂತಿಮ ತೀರ್ಪಿನಲ್ಲಿ ಹೊಳೆಯ 740 ಟಿ.ಎಂ.ಸಿ. ನೀರನ್ನು ಹಂಚುವಾಗ, ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಎಂದು ಕೊಟ್ಟು, ಪರಿಸರದ ರಕ್ಷಣೆಗೆಂದು 10 ಟಿ.ಎಂ.ಸಿ.ಯನ್ನೂ ತೆಗೆದಿಟ್ಟಿತು. ಅದಲ್ಲದೆ, ಅನಿವಾರ್ಯವಾಗಿ ಸಮುದ್ರಕ್ಕೆ ತಪ್ಪಿಸಿಕೊಂಡು ಹೋಗುವ ನೀರೆಂದು 4 ಟಿ.ಎಂ.ಸಿ.ಯನ್ನು ಲೆಕ್ಕಕ್ಕೆ ಹಿಡಿದಿದೆ.

ಡಿಂಭ: ತಪ್ಪಿಸಿಕೊಂಡು ಹೋಗುವ ನೀರು?

ನಾನು: ಹೌದು.

ಡಿಂಭ: ಕಳ್ಳನ ಹಾಗೆ. ನದಿ ಕಡಲಿಗೆ ಹೋಗುವುದು ಎಂದಿನಿಂದ ತಪ್ಪಿಸಿಕೊಳ್ಳುವುದಾಯಿತು, ತಾತ? ಆಗಲಿ, ಆ ನಾಲ್ಕರಲ್ಲಿ ನಮಗೊಂದು ಚೀಟಿ ಸಿಕ್ಕೀತೆ? 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ತಮಿಳುನಾಡಿನ ಪಾಲಿನಿಂದ 14.75 ತೆಗೆದು ಕರ್ನಾಟಕಕ್ಕೆ ಕೊಟ್ಟಾಗ ಎರಡು ಕಡೆಯೂ ಎಷ್ಟು ಗದ್ದಲವಾಯಿತು! ಈ ನಾಲ್ಕನ್ನು ಮಾತ್ರ ಯಾರೂ ತಮ್ಮದೆನ್ನಲಿಲ್ಲ. ನಮ್ಮ ಪರವಾಗಿ ಒಂದು ಬಸ್ಸಿಗಾದರೂ ಯಾರಾದರೂ ಕಲ್ಲು ಹೊಡೆದರೆ?

ನಾನು: ತಮ್ಮ ಪರವಾಗಿ ಕಲ್ಲು ಹೊಡೆಯತಕ್ಕವರನ್ನು ಹುಡುಕುವುದು ಕಷ್ಟ. ತಮ್ಮನ್ನು ಕಂಡವರೇ ವಿರಳ. ಬೇರೆ ಮಾತಾಡೋಣ. ತಮ್ಮಂಥವರನ್ನು ಪ್ಲವಕಗಳೆನ್ನುತ್ತಾರೆ, ಅಂದರೆ ತಮ್ಮ ಇಚ್ಛೆಯೆಂಬುದಿಲ್ಲದೆ ನೀರು ಒಯ್ದತ್ತ ತೇಲಿಹೋಗುವವರು. ಇದು ಒಪ್ಪತಕ್ಕ ಮಾತೆ?

ಡಿಂಭ: ಅರ್ಧ. ಮುಂದಕ್ಕೂ ಹಿಂದಕ್ಕೂ ಹೋಗುವುದು ನೀರಿನ ಕೈಯಲ್ಲಿ. ಮೇಲೆ ಕೆಳಗೆ ಹೋಗುವುದು ನಮ್ಮ ಕೈಯಲ್ಲಿ. ಅಳಿವೆಯಲ್ಲಿ ಉಬ್ಬರದ ನೀರು ಒಳಕ್ಕೆ ಬರುವಾಗ ಮೇಲೆದ್ದು, ಇಳಿತದ ನೀರು ಹೊರಕ್ಕೆ ಹೋಗುವಾಗ ತಳಕ್ಕಿಳಿದು ಕುಳಿತರೆ ಸಾಕು, ಈಜದೆ ಬೇಕಾದ ಕಡೆಗೆ ಹೋಗಬಹುದು. ಎಷ್ಟೋ ಏಡಿಡಿಂಭಗಳು ಮಾಡುವುದು ಇದನ್ನೇ. ಯಾವಾಗ ಏಳಬೇಕು, ಯಾವಾಗ ಇಳಿಯಬೇಕು, ಎರಡೇ ನಿರ್ಧಾರ. ಎರಡನ್ನೂ ಸರಿಯಾಗಿ ಮಾಡಿದವರು ನಿಮ್ಮಲ್ಲಿ ಎಷ್ಟು ಜನರಿದ್ದಾರೆ?

ನಾನು: ನಮ್ಮ ರಾಜಕೀಯದವರು ಮಾಡುತ್ತಾರೆ. ಅಳಿವೆಯಲ್ಲಿ ತಮ್ಮ ನೆರೆಹೊರೆ ಹೇಗೆ?

ಡಿಂಭ: ದೊಡ್ಡ ಸಂತೆ ಎಂದು ತಾಯಿ ಹೇಳಿದಳು. ಸಿಂಪಿಯ ಮಕ್ಕಳು ಇವೆ, ಎರಡು ಕೂದಲಿನ ಬಿಸಣಿಗೆಗಳಿಂದ ನೀರು ಬಡಿಯುತ್ತ ಎರಡು ಮೂರು ವಾರ ತೇಲುತ್ತವೆ. ಕಡಲ ಮುಳ್ಳುಚೆಂಡಿನ ಮಕ್ಕಳು ಎಂಟು ಕೈಯ ಗಾಜಿನ ಪೀಠದಂತೆ. ನಕ್ಷತ್ರಮೀನಿನ ಮಗುವಿಗೆ ನಿಮ್ಮ ಹಾಗೆ ಎಡ ಬಲ ಎಂದು ಎರಡು ಪಕ್ಕ. ಬೆಳೆದಾಗ ಎಡಬಲವನ್ನೆಲ್ಲ ಬಿಸುಟು ಐದು ಮೂಲೆಯಾಗುತ್ತದೆ. ಶಂಖದವರ ಮಕ್ಕಳು ಮಾತ್ರ ಈ ಸಂತೆಯಲ್ಲಿಲ್ಲ. ನಿಮ್ಮ ದೇವರ ಮನೆಯ ಶಂಖ ಇದೆಯಲ್ಲ, ಅದು ಮಕ್ಕಳನ್ನು ತೇಲಲು ಬಿಡುವುದಿಲ್ಲ. ಕೊಂಬಿನಂಥ ಗೂಡಿನೊಳಗೆ ಬೆಳೆಸಿ, ಪುಟ್ಟ ಶಂಖಗಳನ್ನಾಗಿ ಮಾಡಿಯೇ ಹೊರಗೆ ಕಳಿಸುತ್ತದೆ. ದೊಡ್ಡಮನೆಯ ಮಡಿವಂತಿಕೆ.

ನಾನು: ಶಂಖ ಅಷ್ಟು ದೂರದಿಂದ ಬಂದರೂ ನಮ್ಮಲ್ಲಿ ಮಡಿಯಲ್ಲಿಯೇ ಇರುವುದಕ್ಕೆ ಅದೇ ಕಾರಣವಿರಬೇಕು.

ಡಿಂಭ: ನನಗೆ ನೆನೆದಾಗಲೆಲ್ಲ ನಗು ಬರುವುದು ಬಾರ್ನಕಲ್ ಎಂಬ ಬಂಡೆಗಂಟಿಯ ಮಕ್ಕಳನ್ನು. ಹುಟ್ಟುವಾಗ ಒಂಟಿಕಣ್ಣಿನ ಚುರುಕು ಪ್ರಾಣಿ. ಕೊನೆಯ ಅವಸ್ಥೆಗೆ ಬಂದೊಡನೆ ಅನ್ನ ಬಿಡುತ್ತದೆ, ಮನೆ ಹುಡುಕುವುದೊಂದೇ ಕೆಲಸ. ಬಂಡೆಯ ಮೇಲೆ ಮೀಸೆಯೂರಿ ನಡೆದು ನಡೆದು, ತನ್ನವರು ಮೊದಲೇ ಅಂಟಿದ್ದ ಗುರುತು ಸಿಕ್ಕಿದ ಕಡೆಗೇ ಹೆಚ್ಚಾಗಿ ಹೋಗಿ ನಿಲ್ಲುತ್ತದೆ. ನಿಂತ ಮೇಲೆ ತಲೆಯನ್ನೇ ಬಂಡೆಗೆ ಅಂಟಿಸಿ, ಸುತ್ತ ಸುಣ್ಣದ ಗೋಡೆ ಕಟ್ಟಿ, ಬದುಕಿರುವ ಪರ್ಯಂತ ತಲೆಕೆಳಗಾಗಿದ್ದು ಕಾಲಿನಿಂದ ಬಾಯಿಗೆ ಅನ್ನ ಬಾಚಿಕೊಳ್ಳುತ್ತದೆ. ಡಾರ್ವಿನ್ ಎಂಬಾತ ಇವರನ್ನು ಎಂಟು ವರ್ಷ ನೋಡಿದನಂತೆ.

ನಾನು: ಕೆಲಸ ಖಾಯಂ ಆದವರ ಲಕ್ಷಣವನ್ನು ತಿಳಿಯಲು ಎಂಟು ವರ್ಷ ಬೇಕಾಗಿರಲಿಲ್ಲ, ನಮ್ಮ ತಾಲ್ಲೂಕು ಕಚೇರಿಗೆ ಒಂದು ಬೆಳಗು ಬಂದಿದ್ದರೆ ಸಾಕಾಗಿತ್ತು.

ಡಿಂಭ: ನೀವೂ ತಲೆ ಅಂಟಿಸಿದವರೇ, ತಾತ? ಮಾತು ಇಲ್ಲಿಯವರ ಹಾಗಿಲ್ಲ.

ನಾನು: ಮನೆಮಾತು ಕನ್ನಡ. ನಮ್ಮ ಹಿರಿಯರು ಯಾವ ಕಾಲದಲ್ಲೋ ಮಗ್ಗ ಹೊತ್ತುಕೊಂಡು ಮೇಲಿನಿಂದ ಇಳಿದು ಬಂದರೆಂದು ಹೇಳುತ್ತಾರೆ. ನಮ್ಮವರು ಮೊದಲೇ ಇದ್ದ ಬೀದಿಯಲ್ಲಿಯೇ ಮನೆ ಹಿಡಿದರು.

ಡಿಂಭ: ಗುರುತು ಸಿಕ್ಕಿದ ಕಡೆ.

ನಾನು: ಹೌದು. ಹೊಗೆಯೇಳುವ ಕಲ್ಲು ಹೊಗೆನಕಲ್ಲಾಗಿರುವ ಸೀಮೆ ಇದು. ಹೆಸರುಗಳಲ್ಲಿ ಗುರುತಿಗೇನೂ ಕೊರತೆಯಿಲ್ಲ. ಅಲ್ಲಿ ಮೈಸೂರಿನವರು ನಮ್ಮನ್ನು ತಮಿಳರೆನ್ನುತ್ತಾರೆ, ಇಲ್ಲಿ ಕನ್ನಡದವರೆನ್ನುತ್ತಾರೆ. ನೀರಿನ ಗಲಾಟೆಯ ದಿನಗಳಲ್ಲಿ ಎರಡು ಕಡೆಯೂ ಬಾಯಿ ಮುಚ್ಚಿಕೊಂಡಿರುವುದು ನಮಗೆ ಅಭ್ಯಾಸವಾಗಿದೆ.

ಡಿಂಭ: ತಳಕ್ಕಿಳಿದು ಕುಳಿತಿರುವುದು.

ನಾನು: ಆ ಮಾತೂ ಸರಿಯೇ. (ಮುದುಕನನ್ನು ಎರಡು ಮಿಲಿಮೀಟರಿನ ಕೂಸು ಹೀಗೆ ತಿಳಿದುಕೊಂಡದ್ದು ನನಗೆ ಹಿತವಾಗಲಿಲ್ಲ.) ಈಗ ತಮ್ಮ ಮುಂದಿನ ಕಾರ್ಯಕ್ರಮವೇನು?

ಡಿಂಭ: ಉಪ್ಪು ಸಿಕ್ಕಿದರೆ ಹನ್ನೊಂದು ಸಲ ಪೊರೆ ಕಳಚುತ್ತೇನೆ, ಒಂದೊಂದಕ್ಕೂ ಒಂದೊಂದು ರೂಪ. ಬೆಚ್ಚಗಿನ ನೀರಾದರೆ ನಾಲ್ಕೈದು ವಾರ. ಅನಂತರ ಒಂದು ದಿನ ನೆಟ್ಟಗಾಗಿ, ಎಲ್ಲರಂತೆ ತಲೆ ಮುಂದಾಗಿ, ಕಾಲೂರಿ ನಡೆಯುವ ಸಿಗಡಿಯಾಗುತ್ತೇನೆ. ಆಗ ಹೊಳೆಗೆ ಎದುರಾಗಿ ಮೇಲೇರುವುದು. ಒದ್ದೆಯಿದ್ದರೆ ಬಂಡೆಯನ್ನೂ ಹತ್ತುತ್ತೇವೆ, ರಾತ್ರಿಯ ಹೊತ್ತು ನೆಲದ ಮೇಲೂ ನಡೆಯುತ್ತೇವೆ. ಮೊಣಕಾಲೆತ್ತರದ ಕಟ್ಟೆಗೆ ನಾವು ಹೆದರಿದವರಲ್ಲ. ಆದರೆ ಮೆಟ್ಟೂರು 214 ಅಡಿ. 1934ರಿಂದ ಈಚೆಗೆ ಅದನ್ನು ಹತ್ತಿದವರ ಕಥೆ ನಮ್ಮ ಕುಲದಲ್ಲಿಲ್ಲ. ಅದರ ಮೇಲೆ ಏನಿದೆ?

ನಾನು: ಮುಳುಗಿದ ಊರುಗಳಿವೆ. ನೀರು ತೀರ ಇಳಿದ ವರ್ಷ ಪಣ್ಣವಾಡಿಯ ಬಳಿ ಹಳೆಯ ದೇವಾಲಯದ ನಂದಿ ನೀರಿನಿಂದ ತಲೆಯೆತ್ತುತ್ತದೆ, ಇಗರ್ಜಿಯ ಗೋಪುರ ಕಾಣುತ್ತದೆ. ಜನ ಕುಟುಂಬ ಸಮೇತ ನೋಡಲು ಹೋಗುತ್ತಾರೆ. ನಾನೂ ಹೋಗಿ ನಂದಿಯ ಬೆನ್ನು ಮುಟ್ಟಿ ಬಂದಿದ್ದೇನೆ. ಕೆಸರು ಒಣಗಿ ಬಿರಿದು ತೊಗಟೆಯಂತಾಗಿತ್ತು, ಕೊರಳ ಗಂಟೆಯ ಸಂದಿನಲ್ಲಿ ಒಂದು ಸತ್ತ ಕಪ್ಪೆಚಿಪ್ಪು ಬಾಯಿ ತೆರೆದುಕೊಂಡು ಕುಳಿತಿತ್ತು.

ಡಿಂಭ: ಅವನೂ ಬರುವುದಕ್ಕೆ ಮೀನಿನ ಮೇಲೆ ಬಂದ. ಹೋಗುವುದಕ್ಕೆ ಏನೂ ಸಿಗಲಿಲ್ಲ.

ಹೀಗೆ ಹೇಳುತ್ತ ಡಿಂಭವು ಚೊಂಬಿನ ಅಂಚಿನ ನೆರಳಿಗೆ ಸರಿಯಿತು. ಬೆಸ್ತನು ಅಷ್ಟರಲ್ಲಿ ಬಕೆಟ್ಟಿನ ಉಳಿದ ನೀರನ್ನು ಹೊಳೆಗೆ ಚೆಲ್ಲಿಯೂ ಆಗಿತ್ತು. ಹೆಂಗಸರು ಬಿಟ್ಟ ಕರಿಮಣಿ ಓಲೆಗಳ ನಡುವೆ, ಕುಳಿತ ನೀರಿನಲ್ಲಿ, ಎಪ್ಪತ್ತೊಂಬತ್ತು ಸಾವಿರ ಚಿಲ್ಲರೆ ಮಕ್ಕಳು ನೆರಿಂಜಿಪೇಟೆಯ ಬಾಗಿಲು ತೆರೆಯುವುದನ್ನು ಕಾಯಲು ಹೊರಟವು. ಕೈಯಲ್ಲಿದ್ದ ಚೊಂಬನ್ನು ನೋಡಿದೆ. ಹಿಂದೆ ಅಗಸ್ತ್ಯರು ಕಾವೇರಿಯನ್ನು ಕಮಂಡಲುವಿನಲ್ಲಿ ಹಿಡಿದಿಟ್ಟಿದ್ದಾಗ ಗಣಪತಿ ಕಾಗೆಯಾಗಿ ಬಂದು ಉರುಳಿಸಿದನೆಂದು ಪುರಾಣ ಹೇಳುತ್ತದೆ. ನನ್ನ ಚೊಂಬನ್ನು ಇಲ್ಲಿ ಉರುಳಿಸಿ ಪ್ರಯೋಜನವೇನೂ ಕಾಣಲಿಲ್ಲ.

ನಾನು: ಎಷ್ಟು ಉಪ್ಪು ಬೇಕು?

ಡಿಂಭ: ಕಡಲಿನಲ್ಲಿ ಲೀಟರಿಗೆ 35 ಗ್ರಾಂ. ನನಗೆ ಅಷ್ಟು ಬೇಡ, 12 ಸಾಕು. ಕಡಲ ನೀರಿನಲ್ಲಿ ಬೇರೆ ಖನಿಜಗಳೂ ಇರುತ್ತವೆ. ಅದನ್ನೆಲ್ಲ ಕೇಳುವ ಸ್ಥಿತಿಯಲ್ಲಿ ನಾನಿಲ್ಲ.

ಸೌತೆಕಾಯಿಯ ಮುದುಕಿಯ ಬಳಿಗೆ ಹೋದೆ. ಮರದ ಬಟ್ಟಲಿನಲ್ಲಿದ್ದ ಉಪ್ಪಿಗೆ ಖಾರದ ಪುಡಿ ಬೆರೆತು ಕೆಂಪಗಾಗಿತ್ತು. ಖಾರವಿಲ್ಲದ್ದು ಬೇಕೆಂದಾಗ, ಯಾತಕ್ಕೆಂದು ಕೇಳಿದಳು. ಚೊಂಬಿನೊಳಗೆ ಒಂದು ಮಗುವಿದೆ ಎಂದೆ. ಆಕೆ ಚೊಂಬಿನೊಳಕ್ಕೆ ಬಗ್ಗಿ ನೋಡಿ, ನನ್ನ ಮುಖವನ್ನು ನೋಡಿ, ಮತ್ತೇನನ್ನೂ ಕೇಳದೆ ಗೋಣಿಯ ಕೆಳಗಿಂದ ಪೊಟ್ಟಣ ಬಿಚ್ಚಿ ಒಂದು ಹಿಡಿ ಕಲ್ಲುಪ್ಪು ತೆಗೆದಳು. ನಾನು ಕೈಯೊಡ್ಡಿದೆ. ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಜಗಳ ಬರುತ್ತದೆ ಎಂದು ಗದರಿ, ಅದನ್ನು ಪಕ್ಕದ ಕಲ್ಲಿನ ಮೇಲೆ ಇಟ್ಟಳು. ದುಡ್ಡು ತೆಗೆದುಕೊಳ್ಳಲಿಲ್ಲ. ಯಾವೂರ ಉಪ್ಪೆಂದು ಕೇಳಿದ್ದಕ್ಕೆ, ವೇದಾರಣ್ಯದ್ದು, ಇನ್ನೆಲ್ಲಿಯದು, ಎಂದಳು.

ಚೊಂಬು ಅರ್ಧ ಲೀಟರಿನದು. ಬೆರಳಿನಿಂದ ಆರಿಸಿ, ಬಿಳಿಯ ಹರಳುಗಳನ್ನು ಒಂದೊಂದಾಗಿ, ನಡುವೆ ಹೊತ್ತು ಬಿಟ್ಟು, ಒಂದು ಚಮಚದಷ್ಟಾಗುವವರೆಗೆ ಹಾಕಿದೆ. ಕರಗುವ ಹರಳಿನಿಂದ ಎದ್ದ ಸಣ್ಣ ಅಲೆ ಭೂತಗನ್ನಡಿಯಲ್ಲಿ ಬಿಸಿಲಿನ ಹಬೆಯಂತೆ ನಡುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಬಾಲ ಮುಂದಾಗಿ, ಬೆನ್ನು ಕೆಳಗಾಗಿ, ಕಪ್ಪು ಕಣ್ಣುಗಳೆರಡು ಮೇಲಕ್ಕೆ ಬಂದುವು.

ಡಿಂಭ: ತಾತ, ಮೊದಲು ಏನೋ ಕೇಳುತ್ತಿದ್ದಿರಲ್ಲ, ಈಗ ಕೇಳಿ. ಈಗ ಬಿಡುವಿದೆ.

ನಾನು: ಸೃಷ್ಟಿಯ ವೈಚಿತ್ರ್ಯಗಳನ್ನು ಕುರಿತು ಪ್ರಾಚೀನರು ಎಷ್ಟೋ ಬಗೆಯಲ್ಲಿ ವಿಚಾರಿಸಿದ್ದರೂ, ಜಲಚರಗಳ ಪೈಕಿ